ರಾಜಹಂಸ ಹುಡುಕಿ ಕೀನ್ಯಾಕ್ಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ರಾಜಹಂಸ, ಅಂದರೆ ಫ್ಲೆಮಿಂಗೊ, ನೋಡಲು ಕೀನ್ಯಾದ ರಿಫ್ಟ್ ಕಣಿವೆಯ (ನೆಲ ಬಿರಿದು ಆದ ಉದ್ದನೆಯ ಕಣಿವೆ) ಸೋಡಾ ಸರೋವರಗಳಿಗೆ ಹೋಗಬೇಕೆಂದಿರುವ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಕುರು ಸರೋವರದ ದಡವಿಡೀ ಗುಲಾಬಿ ಬಣ್ಣಕ್ಕೆ ತಿರುಗಿರುವ ಫೋಟೊಗಳನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಈಚೆಗೆ ಹೋಗಿ ಬಂದ ಪರಿಚಯದವರು ಮಾತ್ರ “ಅಲ್ಲಿ ರಾಜಹಂಸಗಳೇ ಇಲ್ಲ, ನಾಲ್ಕಾರು ನೂರು ಕಂಡರೆ ಹೆಚ್ಚು” ಎನ್ನುತ್ತಾರೆ. ಯಾವ ತಿಂಗಳಲ್ಲಿ ಹೋದರೆ ಸಿಗುತ್ತವೆ? (ದಾವಣಗೆರೆ)

ಉತ್ತರ: ತಿಂಗಳು ನೋಡಿ ಹೊರಡುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ರಾಜಹಂಸಗಳು ನಮ್ಮ ಕೊಕ್ಕರೆ ಬೆಳ್ಳೂರಿನ ಹಕ್ಕಿಗಳ ಹಾಗೆ ವರ್ಷವರ್ಷವೂ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬರುವಂಥವಲ್ಲ. ನೀರಿನಲ್ಲಿ ಮೇವು ಇದ್ದಷ್ಟು ದಿನ ಇರುತ್ತವೆ, ತೀರಿದ ಮೇಲೆ ರಾತ್ರಿ ಹಾರಿ ಇನ್ನೊಂದು ಸರೋವರಕ್ಕೆ ಹೋಗುತ್ತವೆ.

ಆ ಮೇವಿನ ವಿಷಯ ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಸುತ್ತಲಿನ ಜ್ವಾಲಾಮುಖಿ ಕಲ್ಲಿನಿಂದ ಕರಗಿ ಬಂದ ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್ ಈ ಸರೋವರಗಳಲ್ಲಿ ಸೇರುತ್ತಲೇ ಇರುತ್ತದೆ. ನೀರು ಹೊರಗೆ ಹರಿಯಲು ದಾರಿಯಿಲ್ಲ, ಆವಿಯಾಗಬೇಕಷ್ಟೆ. ಹಾಗಾಗಿ ನೀರಿನ ಪಿಎಚ್ (ಕ್ಷಾರದ ಅಳತೆ) 10ರ ಆಸುಪಾಸಿನಲ್ಲಿರುತ್ತದೆ. ಮಂಡ್ಯ, ರಾಯಚೂರು ಕಡೆ ಸವಳು ನೆಲದ ಮೇಲೆ ಬಿಳಿ ಪೊರೆ ಕಂಡವರಿಗೆ ಇದು ಹೊಸದಲ್ಲ. ಅಷ್ಟು ಕ್ಷಾರದಲ್ಲಿ ಬೇರೆ ಜೀವಗಳು ಬದುಕುವುದು ಕಷ್ಟ. ಆದರೆ ಆರ್ತ್ರೋಸ್ಪೈರಾ ಎಂಬ ನೀಲಿ-ಹಸಿರು ಪಾಚಿ ಪೈಪೋಟಿಯಿಲ್ಲದೆ ಗಂಜಿಯಂತೆ ದಟ್ಟವಾಗಿ ಬೆಳೆಯುತ್ತದೆ. ಅಂಗಡಿಯಲ್ಲಿ ಸ್ಪಿರುಲಿನಾ ಎಂದು ಮಾರುವುದು ಇದರ ಕುಲದ್ದೇ. ಇಲ್ಲಿನ ಎರಡು ಜಾತಿಗಳಲ್ಲಿ ಸಣ್ಣ ರಾಜಹಂಸದ ಕೊಕ್ಕಿನೊಳಗಿನ ಜರಡಿ ಇದನ್ನು ಸೋಸಲೆಂದೇ ಇರುವುದು, ಹಕ್ಕಿಯ ಬಣ್ಣವೂ ಇದರಿಂದಲೇ.

ನಕುರು ಆಳವಿಲ್ಲದ ಸರೋವರ. 2010ರಿಂದೀಚೆಗೆ ಅದರ ಮಟ್ಟ ಏರುತ್ತ ಹೋಯಿತು. ಸರೋವರದ ಸುತ್ತಲಿನ ರಾಷ್ಟ್ರೀಯ ಉದ್ಯಾನದ ಹಳೆಯ ಮುಖ್ಯ ಗೇಟು, ದಡದ ರಸ್ತೆಗಳು ಮುಳುಗಿದವು. ಸೋಡಾ ತೆಳುವಾಯಿತು, ಆರ್ತ್ರೋಸ್ಪೈರಾ ಇಳಿಯಿತು, ಹಕ್ಕಿಗಳು ಉತ್ತರದ ಬೊಗೋರಿಯಾಕ್ಕೂ ಬೇರೆ ಕಡೆಗೂ ಹೋದವು. ಒಂದು ಕಾಲಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕಿ ಸೇರುತ್ತಿದ್ದ ಜಾಗ ಅದು. ನೀವು ನೋಡಿದ ಫೋಟೊ ಸುಳ್ಳಲ್ಲ, ಪರಿಚಯದವರ ಮಾತೂ ಸುಳ್ಳಲ್ಲ. ನೀರು ತೀರ ಬತ್ತಿದಾಗಲೂ ಪಾಚಿ ಸಾಯುತ್ತದೆ, ಹಕ್ಕಿ ಹೋಗುತ್ತದೆ.

ಆದ್ದರಿಂದ ಒಂದು ಸರೋವರವನ್ನಲ್ಲ, ಸರೋವರಗಳ ಸಾಲನ್ನು ನೋಡಲು ಹೊರಡಿ. ನಕುರು, ಎಲೆಮೆಂಟೈಟಾ, ಬೊಗೋರಿಯಾ ಮೂರೂ ಸೇರಿ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಬಂದಿವೆ, ಮೂರನ್ನೂ ಒಂದೇ ಪ್ರವಾಸದಲ್ಲಿ ಮುಗಿಸಬಹುದು. ಬೊಗೋರಿಯಾ ಆಳ ಹೆಚ್ಚಿರುವುದರಿಂದ ಮಳೆ ಬಂದಾಗ ನಕುರುವಿನಷ್ಟು ಬೇಗ ಕೆಡುವುದಿಲ್ಲ. ಹೊರಡುವ ವಾರದಲ್ಲಿ ಚಾಲಕನಿಗೋ ವಸತಿಯವರಿಗೋ ಮೂರು ಪ್ರಶ್ನೆ ಕೇಳಿ: ಈ ವಾರ ಹಕ್ಕಿ ಯಾವ ಸರೋವರದಲ್ಲಿವೆ? ಯಾವ ದಡದಲ್ಲಿ? ಅಲ್ಲಿಗೆ ರಸ್ತೆ ಮುಳುಗಿಲ್ಲವೇ? “ಇವೆ” ಎಂಬ ಒಂದೇ ಮಾತಿನ ಉತ್ತರಕ್ಕೆ ಒಪ್ಪಬೇಡಿ.

ತಿಂಗಳು ಮುಖ್ಯವಾಗುವುದು ರಸ್ತೆಗಾಗಿ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಯುರೋಪ್, ಏಷ್ಯಾದಿಂದ ಬರುವ ಉಲ್ಲಂಕಿಗಳಂಥ ಕೆಸರುಹಕ್ಕಿಗಳೂ ಬೇಕೆಂದರೆ ಜನವರಿ, ಫೆಬ್ರವರಿ ಎಲ್ಲಕ್ಕಿಂತ ಒಳ್ಳೆಯದು.

ಪ್ರಶ್ನೆ: ನೈರೋಬಿಯಿಂದ ಐದು ದಿನ ಕೈಯಲ್ಲಿದೆ. ಹೇಗೆ ಹಂಚಿಕೊಳ್ಳಲಿ? (ಬೆಂಗಳೂರು)

ಉತ್ತರ: ಮೊದಲ ದಿನ ಎಲೆಮೆಂಟೈಟಾ. ಅಲ್ಲಿನ ಬಂಡೆದ್ವೀಪಗಳಲ್ಲಿ ದೊಡ್ಡ ಬಿಳಿ ಹೆಜ್ಜಾರ್ಲೆಗಳು ಮರಿ ಮಾಡುತ್ತವೆ. ಎರಡನೆಯ ದಿನ ಪೂರ್ತಿ ನಕುರು. ನೈರೋಬಿಯಿಂದ ನಕುರುವಿಗೆ ಸುಮಾರು 160 ಕಿ.ಮೀ. ಎಂದು ಎರಡು ಗಂಟೆಯ ಲೆಕ್ಕ ಹಾಕಬೇಡಿ. ಉಗಾಂಡಾ ಕಡೆಗೆ ಹೋಗುವ ಲಾರಿಗಳೆಲ್ಲ ಅದೇ ರಸ್ತೆಯಲ್ಲಿ, ಘಟ್ಟದ ಇಳಿಜಾರಿನಲ್ಲಿ ತೆವಳುತ್ತಿರುತ್ತವೆ. ಮೂರರಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ. ಮೂರನೆಯ ದಿನ ಬೆಳಗ್ಗೆ ಇನ್ನೊಮ್ಮೆ ನಕುರು ನೋಡಿ, ಮಧ್ಯಾಹ್ನ ಭೂಮಧ್ಯರೇಖೆ ದಾಟಿ ಮಾರಿಗಟ್ ದಾರಿಯಲ್ಲಿ ಬೊಗೋರಿಯಾ ಕಡೆಗೆ. ನಾಲ್ಕನೆಯ ದಿನ ಮುಂಜಾನೆ ಬೊಗೋರಿಯಾ, ಸಂಜೆ ಪಕ್ಕದ ಸಿಹಿನೀರಿನ ಬಾರಿಂಗೊದಲ್ಲಿ ದೋಣಿ. ಐದನೆಯ ದಿನ ಪೂರ್ತಿ ವಾಪಸು ಪ್ರಯಾಣಕ್ಕೆ ಬಿಡಿ. ಅದೇ ರಾತ್ರಿ ವಿಮಾನ ಇಟ್ಟುಕೊಂಡವರು ಟ್ರಾಫಿಕ್‌ನಲ್ಲಿ ಸಿಕ್ಕಿ ಪರದಾಡುತ್ತಾರೆ.

ಭೂಮಧ್ಯರೇಖೆಯ ಬಳಿ ವರ್ಷವಿಡೀ ಸುಮಾರು ಆರೂವರೆಗೆ ಸೂರ್ಯೋದಯ. ಗೇಟು ತೆರೆಯುವ 6 ಗಂಟೆಗೇ ಅಲ್ಲಿರಬೇಕು. ನಕುರು ಸಮುದ್ರಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದಲ್ಲಿದೆ. ಮೇಲ್ಛಾವಣಿ ಎತ್ತಿದ ವ್ಯಾನಿನಲ್ಲಿ ನಿಂತರೆ ಚಿಕ್ಕಮಗಳೂರಿನ ಡಿಸೆಂಬರ್ ಚಳಿ ನೆನಪಾಗುತ್ತದೆ, ಸ್ವೆಟರ್ ಬೇಕೇ ಬೇಕು. ಬೊಗೋರಿಯಾ ಸಾವಿರ ಮೀಟರ್ ಆಸುಪಾಸಿನಲ್ಲಿದೆ, ಅಲ್ಲಿ ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತದೆ, ಸೊಳ್ಳೆಯೂ ಮಲೇರಿಯಾವೂ ಇವೆ. ಮಾತ್ರೆಯ ಬಗ್ಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ.

ಪ್ರಶ್ನೆ: ಸಣ್ಣ ರಾಜಹಂಸ, ದೊಡ್ಡ ರಾಜಹಂಸ ದೂರದಿಂದ ಒಂದೇ ಥರ ಕಾಣುತ್ತವೆ. ಪತ್ತೆ ಹೇಗೆ? (ಧಾರವಾಡ)

ಉತ್ತರ: ಎತ್ತರ ನೋಡಿ ಹೇಳಲು ಹೋಗಬೇಡಿ, ಪಕ್ಕಪಕ್ಕ ನಿಂತಾಗ ಮಾತ್ರ ಅದು ನೆರವಾಗುತ್ತದೆ. ಕೊಕ್ಕು ನೋಡಿ. ಸಣ್ಣದರ ಕೊಕ್ಕು ದಟ್ಟ ಕೆಂಪು, ದೂರದಿಂದ ಕಪ್ಪೇ ಎನಿಸುತ್ತದೆ. ದೊಡ್ಡದರದು ತಿಳಿ ಗುಲಾಬಿ, ತುದಿಯಷ್ಟೇ ಕಪ್ಪು, ಅದು ಎಷ್ಟು ದೂರಕ್ಕೂ ಕಾಣುತ್ತದೆ. ದೊಡ್ಡದರ ಮೈ ಬಹುಪಾಲು ಬಿಳಿ, ಸಣ್ಣದು ಹೆಚ್ಚು ಗುಲಾಬಿ. ಮೇಯುವ ರೀತಿಯೂ ಬೇರೆ. ಸಣ್ಣದು ನೀರಿನ ಮೇಲ್ಪದರದಲ್ಲೇ ತಲೆಯನ್ನು ಅತ್ತಿತ್ತ ಆಡಿಸುತ್ತ ಪಾಚಿ ಸೋಸುತ್ತದೆ. ದೊಡ್ಡದು ತಲೆ ಮುಳುಗಿಸಿ ತಳದ ಕೆಸರಿನಲ್ಲಿ ಸಣ್ಣ ಜೀವಿಗಳನ್ನು ಹುಡುಕುತ್ತದೆ. ಬೂದು ಬಣ್ಣದವು ಮೂರನೆಯ ಜಾತಿಯಲ್ಲ, ಎಳೆಯ ಹಕ್ಕಿಗಳು.

ಎರಡಕ್ಕೂ ಕುಡಿಯಲು, ಮೀಯಲು ಉಪ್ಪಿಲ್ಲದ ನೀರು ಬೇಕು. ನಕುರುವಿನಲ್ಲಿ ಎನ್‌ಜೋರೊ, ಮಕಾಲಿಯಾ, ಎನ್‌ದೆರಿತ್ ಹೊಳೆಗಳು ಸರೋವರ ಸೇರುವಲ್ಲಿ ಕಾದರೆ ಹಕ್ಕಿಗಳೇ ಹತ್ತಿರ ಬರುತ್ತವೆ. ಅಲ್ಲೇ ನಮ್ಮ ಬಣ್ಣದ ಕೊಕ್ಕರೆಯ ಆಫ್ರಿಕನ್ ದಾಯಾದಿ ಹಳದಿ ಕೊಕ್ಕಿನ ಕೊಕ್ಕರೆ, ಚಮಚ ಕೊಕ್ಕು, ಮೆಟ್ಟುಗಾಲು ಹಕ್ಕಿ ಎಲ್ಲವೂ ಸಿಗುತ್ತವೆ. ಬೋಳು ತಲೆಯ ಮಾರಬು ಕೊಕ್ಕರೆ ನಿಂತಿದ್ದರೆ ಅದರ ಮೇಲೊಂದು ಕಣ್ಣಿಡಿ. ಅದು ರಾಜಹಂಸವನ್ನೇ ಹಿಡಿದು ತಿನ್ನುತ್ತದೆ, ಮೀನುಗಿಡುಗವೂ ಅಷ್ಟೆ.

ಪ್ರಶ್ನೆ: 8x42 ಬೈನಾಕ್ಯುಲರ್, 400 ಎಂಎಂ ಲೆನ್ಸ್ ಸಾಕೇ? ಸೋಡಾ ಧೂಳಿನಿಂದ ಕ್ಯಾಮೆರಾ ಹಾಳಾಗುತ್ತದೆಯೇ? (ಮೈಸೂರು)

ಉತ್ತರ: ಬೈನಾಕ್ಯುಲರ್ ಸಾಕು. ಹಿಂಡು ದೂರವಿದ್ದರೆ ಸ್ಪಾಟಿಂಗ್ ಸ್ಕೋಪ್ ಉಪಯೋಗಕ್ಕೆ ಬರುತ್ತದೆ, ಆದರೆ ವ್ಯಾನಿನಲ್ಲಿ ಯಾರಾದರೂ ಕದಲಿದರೂ ಚಿತ್ರ ಅಲ್ಲಾಡುತ್ತದೆ. 400 ಎಂಎಂ ಸಾಕು. ಇನ್ನೂ ಉದ್ದದ ಲೆನ್ಸ್ ತಂದರೂ ಹತ್ತು ಗಂಟೆಯ ನಂತರ ಬಿಸಿಗಾಳಿಯ ಅಲೆಯಲ್ಲಿ ಹಕ್ಕಿ ಕಲಸಿದಂತೆ ಬರುತ್ತದೆ. ಅದು ಫೋಕಸ್ ತಪ್ಪಲ್ಲ, ಸೆಟ್ಟಿಂಗ್ ಬದಲಿಸಿ ಪ್ರಯೋಜನವಿಲ್ಲ. ಹತ್ತಿರ ಹೋಗಬೇಕು, ಇಲ್ಲವೇ ಮರುದಿನ ಮುಂಜಾನೆ ಬರಬೇಕು. ಮಧ್ಯಾಹ್ನ ಗಾಳಿ ಎದ್ದು ನೀರು ಕದಡುವುದರಿಂದಲೂ ಬೆಳಗ್ಗೆಯೇ ಲೇಸು. ಬೆಳಗ್ಗೆ ಪೂರ್ವ ದಡದಲ್ಲಿರಿ, ಸೂರ್ಯ ಬೆನ್ನಿಗಿರುತ್ತಾನೆ. ಪಶ್ಚಿಮದ ಬಬೂನ್ ಕ್ಲಿಫ್ ಎಂಬ ಎತ್ತರದ ಬಂಡೆ ಸಂಜೆಗೆ ಸರಿ.

ಟ್ರೈಪಾಡ್ ವಾಹನದೊಳಗೆ ಕೆಲಸಕ್ಕೆ ಬಾರದು. ಗಟ್ಟಿ ಬಟ್ಟೆಯ ಖಾಲಿ ಚೀಲ ಹೊಲಿಸಿಕೊಂಡು ಹೋಗಿ, ನಕುರು ಪೇಟೆಯಲ್ಲಿ ಎರಡು ಕಿಲೊ ಹುರುಳಿಕಾಯಿ ಬೀಜ ತುಂಬಿ, ಲೆನ್ಸ್‌ಗೆ ಆಸರೆಯಾಗಿ ಕಿಟಕಿಯ ಮೇಲಿಡಿ. ಎಂಜಿನ್ ಆರಿಸದೆ ಫೋಟೊ ತೆಗೆಯಬೇಡಿ. ಆ ಬಿಳಿ ಧೂಳಿನಲ್ಲಿರುವುದು ಬಟ್ಟೆ ಒಗೆಯುವ ಸೋಡಾದ ಜಾತಿಯದೇ, ಜತೆಗೆ ಹರಳುಗಳಿರುತ್ತವೆ. ಲೆನ್ಸನ್ನು ಒಣಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಸಿಹಿನೀರಿನಲ್ಲಿ ನೆನೆಸಿ ಹಿಂಡಿದ ಮೆತ್ತನೆ ಬಟ್ಟೆ. ಅಲ್ಯುಮಿನಿಯಂ ಭಾಗಗಳಿಗೆ ಕ್ಷಾರ ತಾಗಿದ್ದರೆ ಅದೇ ಸಂಜೆ ತೊಳೆಯಿರಿ. ಕಣ್ಣಿಗೆ ಸೋಡಾ ನೀರು ಸಿಡಿದರೆ ಉಜ್ಜದೆ, ಧಾರಾಳ ಶುದ್ಧ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ಹಕ್ಕಿ ಸಿಗದಿದ್ದರೆ ನಕುರುವಿಗೆ ಹೋಗುವುದೇ ದಂಡವೇ? (ಹುಬ್ಬಳ್ಳಿ)

ಉತ್ತರ: ಖಂಡಿತ ಅಲ್ಲ. ಸುತ್ತ ವಿದ್ಯುತ್ ಬೇಲಿ ಹಾಕಿ ಘೇಂಡಾಮೃಗಗಳನ್ನು ಕಾಪಾಡಿರುವ ಉದ್ಯಾನ ಇದು, ಸುಮಾರು 188 ಚದರ ಕಿ.ಮೀ. ಕಪ್ಪು, ಬಿಳಿ ಎರಡೂ ಜಾತಿಯ ಘೇಂಡಾಗಳಿವೆ. ಹೆಸರು ನಂಬಬೇಡಿ, ಎರಡರ ಬಣ್ಣವೂ ಬೂದು, ಎರಡಕ್ಕೂ ಎರಡೆರಡು ಕೊಂಬು. ಬಿಳಿ ಘೇಂಡಾದ ಬಾಯಿ ಚಪ್ಪಟೆ, ತಲೆ ತಗ್ಗಿಸಿ ಬಯಲಿನಲ್ಲಿ ಹುಲ್ಲು ಮೇಯುತ್ತದೆ. ಕಪ್ಪು ಘೇಂಡಾದ ಮೇಲ್ದುಟಿ ಕೊಕ್ಕೆಯಂತಿದ್ದು ಪೊದೆಯಲ್ಲಿ ಎಲೆ ಕೀಳುತ್ತದೆ, ಕಾಣಸಿಗುವುದೂ ಅಪರೂಪ. ದಕ್ಷಿಣದ ಹುಲ್ಲುಗಾವಲಿನಲ್ಲಿ ಬಿಳಿಯವು ಸುಲಭವಾಗಿ ಸಿಗುತ್ತವೆ. ಮೊಣಕಾಲಿನ ಕೆಳಗೆ ಮಚ್ಚೆಯಿಲ್ಲದ ರಾತ್‌ಚೈಲ್ಡ್ ಜಿರಾಫೆ, ಕಾಡೆಮ್ಮೆ, ಸಿಂಹ ಇವೆ. ಹಳದಿ ತೊಗಟೆಯ ಅಕೇಶಿಯಾ ಮರಗಳಲ್ಲಿ ಚಿರತೆಯನ್ನು ಹುಡುಕುವುದಾದರೆ ಕೊಂಬೆಗಿಂತ ಕೆಳಗೆ ಇಳಿಬಿದ್ದ ಬಾಲ ನೋಡಿ. ಆನೆ ಇಲ್ಲ.

ವಾಹನದಿಂದ ಇಳಿಯಲು ಗುರುತಿಸಿದ ಜಾಗಗಳಿವೆ, ಅಲ್ಲಿ ಮಾತ್ರ ಇಳಿಯಿರಿ. ಬಬೂನ್ ಕೋತಿಗಳಿರುವ ಬಬೂನ್ ಕ್ಲಿಫ್‌ನಲ್ಲಿ ಊಟದ ಡಬ್ಬಿ ಬಿಚ್ಚಲೇಬೇಡಿ, ಕಿಟಕಿಗಳನ್ನೂ ಮುಚ್ಚಿ ಹೋಗಿ.

ಪ್ರಶ್ನೆ: ಲಸಿಕೆ, ಅನುಮತಿ, ಸಸ್ಯಾಹಾರದ ಬಗ್ಗೆ ತಿಳಿಸಿ. (ಉಡುಪಿ)

ಉತ್ತರ: ಯೆಲ್ಲೊ ಫೀವರ್ ಲಸಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೀನ್ಯಾದಿಂದ ಭಾರತಕ್ಕೆ ಮರಳುವಾಗ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್ ಮಾಡುತ್ತಾರೆ. ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲಷ್ಟೇ ಆ ಪತ್ರ ಸಿಂಧು. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಸರದಿಯೂ ಇರುತ್ತದೆ. ಆದ್ದರಿಂದ ಎರಡು ತಿಂಗಳು ಮೊದಲೇ ವಿಚಾರಿಸಿ. 60 ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಟಿಕೆಟ್ ಕೊಳ್ಳುವ ಮೊದಲೇ ವೈದ್ಯರನ್ನು ಕಾಣಬೇಕು. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು.

2024ರಿಂದ ವೀಸಾದ ಬದಲು ಆನ್‌ಲೈನ್ ಅನುಮತಿ, ಇಟಿಎ. ಸರ್ಕಾರದ್ದೇ ಎನ್ನಿಸುವ ಖಾಸಗಿ ತಾಣಗಳು ಹೆಚ್ಚು ದುಡ್ಡು ಕೀಳುತ್ತವೆ, ವಿಳಾಸದ ಕೊನೆಯಲ್ಲಿ ‘ಗೋ ಡಾಟ್ ಕೆಇ’ ಇದೆಯೇ ನೋಡಿಕೊಳ್ಳಿ. ನಕುರು ಗೇಟಿನಲ್ಲಿ ನಗದು ನಡೆಯುವುದಿಲ್ಲ, ಪ್ರವೇಶ ಶುಲ್ಕವನ್ನು ಹಿಂದಿನ ದಿನವೇ ಆನ್‌ಲೈನ್‌ನಲ್ಲಿ ಕಟ್ಟಿ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷಿದ್ಧ, 2020ರಿಂದ ಉದ್ಯಾನಗಳೊಳಗೆ ಬಿಸಾಡುವ ನೀರಿನ ಬಾಟಲಿಯೂ ನಿಷಿದ್ಧ. ಸ್ಟೀಲ್ ಬಾಟಲಿ ಒಯ್ಯಿರಿ.

ಊಟಕ್ಕೆ ಚಿಂತೆ ಬೇಡ. ಚಪಾತಿ ಅಲ್ಲಿನವರದೇ ತಿಂಡಿಯಾಗಿಹೋಗಿದೆ. ಗಿಥೇರಿ ಎಂದರೆ ಮೆಕ್ಕೆಜೋಳದ ಕಾಳು, ಹುರುಳಿಕಾಯಿ ಬೀಜದ ಬೇಯಿಸಿದ ಖಾದ್ಯ. ಉಗಾಲಿ ಮೆಕ್ಕೆಜೋಳದ ಮುದ್ದೆ. ಸುಕುಮಾ ವಿಕಿ ಸೊಪ್ಪಿನ ಪಲ್ಯ.

ಪ್ರಶ್ನೆ: ಬೊಗೋರಿಯಾದ ಬಿಸಿನೀರಿನ ಬುಗ್ಗೆಗಳನ್ನು ಮಕ್ಕಳಿಗೆ ತೋರಿಸಬಹುದೇ? (ಶಿವಮೊಗ್ಗ)

ಉತ್ತರ: ತೋರಿಸಬಹುದು, ಕೈ ಬಿಡದೆ. ಲೊಬುರು ಎಂಬಲ್ಲಿ ನೀರು ಕುದಿಯುತ್ತಲೇ ಚಿಮ್ಮುತ್ತದೆ, ಮೊಟ್ಟೆ ಬೇಯುತ್ತದೆ. ಅಪಾಯ ನೀರಿಗಿಂತ ಅಂಚಿನ ನೆಲದಲ್ಲಿದೆ: ಮೇಲೆ ಬಿಳಿ ಗಟ್ಟಿ ಪದರ, ಕೆಳಗೆ ಕುದಿವ ಕೆಸರು. ಹಿಂದಿನವರ ಹೆಜ್ಜೆ ಇರುವಲ್ಲೇ ನಡೆಯಿರಿ, ಗಾಳಿಗೆ ಆವಿ ಬೀಸಿ ಬರುವ ಕಡೆ ನಿಲ್ಲಬೇಡಿ. ಸರೋವರ ಏರಿರುವುದರಿಂದ ಹಲವು ಬುಗ್ಗೆಗಳು ಮುಳುಗಿವೆ, ಹಳೆಯ ಫೋಟೊದಷ್ಟು ನಿರೀಕ್ಷಿಸಬೇಡಿ.

ಪ್ರಶ್ನೆ: ರಾಜಹಂಸದ ಗೂಡು, ಮರಿ ನೋಡಬೇಕು. ಟಾಂಜಾನಿಯಾದ ನೇಟ್ರಾನ್‌ಗೆ ಹೋಗಲೇ? (ಕಲಬುರಗಿ)

ಉತ್ತರ: ಪೂರ್ವ ಆಫ್ರಿಕಾದ ಸಣ್ಣ ರಾಜಹಂಸಗಳು ಮುಖ್ಯವಾಗಿ ಮರಿ ಮಾಡುವುದು ನೇಟ್ರಾನ್‌ನಲ್ಲೇ, ನಿಜ. ಆದರೆ ಗೂಡುಗಳಿರುವುದು ಸರೋವರದ ನಡುವಿನ ಸೋಡಾ ಕೆಸರಿನಲ್ಲಿ. ನರಿ, ಕತ್ತೆಕಿರುಬ ಬರಲಾಗದ ಜಾಗವೆಂದೇ ಹಕ್ಕಿ ಅದನ್ನು ಆರಿಸಿಕೊಂಡಿದೆ. 1954ರಲ್ಲಿ ಗೂಡುಗಳನ್ನು ಪತ್ತೆಹಚ್ಚಿದ ಪಕ್ಷಿತಜ್ಞ ಲೆಸ್ಲಿ ಬ್ರೌನ್ ನಡೆದು ಹತ್ತಿರ ಹೋಗಲು ನೋಡಿ, ಕಾಲುಗಳು ಸೋಡಾದಿಂದ ಸುಟ್ಟು ಆಸ್ಪತ್ರೆ ಸೇರಬೇಕಾಯಿತು. ಡ್ರೋನ್ ಹಾರಿಸುವ ಯೋಚನೆಯನ್ನೂ ಬಿಡಿ. ಹಿಂಡು ಬೆದರಿ ಎದ್ದರೆ ಒಂದೊಂದೇ ಇರುವ ಮೊಟ್ಟೆಗಳು ಬಿಸಿಲಿಗೆ ಬೀಳುತ್ತವೆ. ನೇಟ್ರಾನ್‌ಗೆ ಹೋಗುವುದಾದರೆ ದಡದಲ್ಲಿ ಮೇಯುವ ಹಕ್ಕಿಗಳನ್ನು, ಹಿಂದೆ ನಿಂತ ಒಲ್ ದೊಯಿನ್ಯೊ ಲೆಂಗಾಯ್ ಜ್ವಾಲಾಮುಖಿಯನ್ನು ನೋಡಲು ಹೋಗಿ. ಬೂದು ಬಣ್ಣದ ಎಳೆಯ ಹಕ್ಕಿಗಳು ಬೊಗೋರಿಯಾದ ಹಿಂಡಿನಲ್ಲೂ ಸಿಗುತ್ತವೆ.