ದನಿ ಇಳಿಸಿಕೊಂಡ ಹುಡುಗಿ

ಆಕೆಯನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 23, ನವಲಗುಂದದ ಕಡೆಯ ರೈತರ ಮಗಳು, ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದಳು. ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದವರು ತಾಯಿ. "ಎರಡು ತಿಂಗಳಾತ್ರಿ, ಮನ್ಯಾಗ ಮಾತ ಆಡವಲ್ಲಳು" ಎಂದರು.

ನನ್ನ ಪ್ರಶ್ನೆಗಳಿಗೆಲ್ಲ ಸುಮಾ ಪಿಸುಮಾತಿನಲ್ಲೇ ಉತ್ತರ ಕೊಟ್ಟಳು. ಗಂಟಲು ನೋಯುತ್ತಿದೆಯಾ ಎಂದು ಕೇಳಿದೆ. ಆಗ ವಿಷಯ ಹೊರಬಂತು. ನಿಶ್ಚಯವಾದ ಹುಡುಗ ಹುಬ್ಬಳ್ಳಿಯವನು, ಬೆಂಗಳೂರಿನಲ್ಲಿ ಕೆಲಸ. ಒಮ್ಮೆ ಫೋನ್ ಸ್ಪೀಕರಿಗೆ ಹಾಕಿದ್ದಾಗ ಅವನ ಗೆಳೆಯರು ನಕ್ಕರಂತೆ. "ಸ್ವಲ್ಪ ಮೆತ್ತಗ ಮಾತಾಡು, ಹುಡುಗ್ಯಾರ ಹಂಗ" ಎಂದನಂತೆ ಅವನು. ಅಂದಿನಿಂದ ರಾತ್ರಿ ಇಯರ್‌ಫೋನ್ ಹಾಕಿಕೊಂಡು ಸಿನಿಮಾ ನಾಯಕಿಯರ ಮಾತು ಕೇಳುವುದು, ಹಾಗೇ ತೆಳುವಾಗಿ ಆಡಿ ನೋಡುವುದು. ಪಾಠ ಮಾಡಲು ಹೋದ ಶಾಲೆಯಲ್ಲೂ ಅದೇ ದನಿ. ಹಿಂದಿನ ಬೆಂಚಿಗೆ ಕೇಳಿಸದೆ ಮಕ್ಕಳು ಗಲಾಟೆ ಮಾಡಿದರು. ಆಮೇಲೆ ಮಾತೇ ಬೇಡ ಎನ್ನಿಸಿತು.

"ನನ್ನ ದನಿ ಗಂಡಸ್ರದ್ದು ಇದ್ದಂಗ ಐತ್ರಿ ಮೇಡಂ. ಮ್ಯಾಲ ನಮ್ಮ ಭಾಷಾನೂ ಒರಟು."

ಆ ಎರಡನೇ ಮಾತು ನನ್ನನ್ನು ಜಾಸ್ತಿ ಚುಚ್ಚಿತು. ನಮ್ಮ ಕಡೆಯ ಮಾತು ಸಿನಿಮಾದಲ್ಲಿ ಎಷ್ಟೋ ಸಲ ಸಿಗುವುದು ನಗಿಸುವ ಪಾತ್ರಕ್ಕೆ. ನಾಯಕಿಗೆ ಬೆಂಗಳೂರಿನ ಮೆತ್ತನೆ ಕನ್ನಡ. ದನಿ ಎತ್ತುವ ಹುಡುಗಿ ಬಂದಳೋ, ಅವಳು ಬಜಾರಿ. ನಾಯಕ ಒಂದು ಏಟು ಹಾಕುತ್ತಾನೆ, ಥಿಯೇಟರಿನಲ್ಲಿ ಸಿಳ್ಳೆ ಬೀಳುತ್ತದೆ. ಕೊನೆಗೆ ಅವಳೇ ಸೀರೆ ಉಟ್ಟು, ತಲೆ ತಗ್ಗಿಸಿ ನಿಲ್ಲುತ್ತಾಳೆ. 1934ರಲ್ಲಿ ಬಂದ ನಮ್ಮ ಮೊದಲ ಟಾಕಿಯ ಹೆಸರೇ 'ಸತಿ ಸುಲೋಚನ'. ಕನ್ನಡದ ಪರದೆ ಮಾತು ಕಲಿತದ್ದೇ ಪತಿವ್ರತೆಯ ಕಥೆಯಿಂದ. ಇದನ್ನೆಲ್ಲ ನೋಡುತ್ತಾ ಬೆಳೆದವಳಿಗೆ ಹೆಣ್ಣು ಹೇಗಿರಬೇಕೆಂದು ಬೇರೆ ಯಾರೂ ಹೇಳಬೇಕಿಲ್ಲ, ಅಲ್ವಾ?

ಮೊದಲು ಗಂಟಲಿನ ಬಗ್ಗೆ ಹೇಳಿದೆ. ಧ್ವನಿತಂತುಗಳು ಉದ್ದ, ದಪ್ಪ ಇದ್ದರೆ ದನಿ ಭಾರವಾಗಿರುತ್ತದೆ. ಅದು ಮೈಕಟ್ಟಿನ ಹಾಗೆ, ತಪ್ಪಲ್ಲ. ಬಲವಂತವಾಗಿ ತೆಳು ಮಾಡಿದರೆ ಗಂಟಲು ದಣಿಯುತ್ತದೆ. ಮೂರು ವಾರವಾದರೂ ದನಿ ಒಡೆದೇ ಇದ್ದರೆ ಗಂಟಲು ವೈದ್ಯರಿಗೆ ತೋರಿಸಬೇಕು. ಆಮೇಲೆ ಡಬ್ಬಿಂಗ್ ಬಗ್ಗೆ ಹೇಳಿದೆ. ಹೊರ ರಾಜ್ಯದಿಂದ ಬಂದ ಎಷ್ಟೋ ನಾಯಕಿಯರಿಗೆ ದನಿ ಕೊಡುವವರು ಬೇರೆ ಕಲಾವಿದೆಯರು.

"ಅಂದ್ರ ಆ ದನಿ ಆಕೀದ ಅಲ್ಲೇನ್ರೀ?"

ಹೊರಗೆ ಕುಳಿತ ತಾಯಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು. ಅದು ಅವಳ ಸ್ವಂತ ದನಿ.

ಆಗ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಎರಡು ಹಾಡು ಕೇಳಿಸಿದೆ. ಒಂದು ಹರೆಯದಲ್ಲಿ ಹಾಡಿದ್ದು, ತೆಳು ದನಿ. ಇನ್ನೊಂದು ಗಂಟಲಿನ ಚಿಕಿತ್ಸೆ ಆಗಿ ದನಿ ಭಾರವಾದ ಮೇಲಿನದು. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬದುಕಿದ ಆ ಹೆಣ್ಣುಮಗಳು ಆ ಭಾರದ ದನಿಯಲ್ಲೇ ಹತ್ತಾರು ವರ್ಷ ಹಾಡಿದರು. 2002ರಲ್ಲಿ ಪದ್ಮವಿಭೂಷಣ ಬಂತು. ಸುಮಾ ಎರಡನೆಯದನ್ನು ಮತ್ತೊಮ್ಮೆ ಹಾಕಿ ಎಂದಳು.

ಮನೆಗೆ ಎರಡು ಕೆಲಸ ಕೊಟ್ಟೆ. ದಿನಾ ಒಂದು ಪಾಠವನ್ನು ಅಂಗಳದಲ್ಲಿ ನಿಂತು ಜೋರಾಗಿ ಓದುವುದು. ಹುಡುಗನಿಗೆ ಜಗಳವಿಲ್ಲದೆ ಒಂದೇ ಮಾತು ಹೇಳುವುದು: "ನೀವು ನಕ್ಕಾಗ ನನಗ ಭಾಳ ನೋವಾತು. ನನ್ನ ದನಿ ಇದ."

ಮೂರನೇ ಭೇಟಿಗೆ ಅವನೂ ಬಂದ. ಕೆಟ್ಟವನಲ್ಲ. ಗೆಳೆಯರ ಮುಂದೆ ಮುಜುಗರವಾಯಿತು ಎಂದು ಒಪ್ಪಿಕೊಂಡ. ನಿಮ್ಮ ಮನೆಯಲ್ಲಿ ಯಾರ ದನಿ ದೊಡ್ಡದು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕುಳಿತು, "ನಮ್ಮ ಅವ್ವಂದು" ಎಂದ. ಗೆಳೆಯರಿಗೆ ನೀವೇ ಏನು ಹೇಳುತ್ತೀರಿ, ಯೋಚಿಸಿ ಬನ್ನಿ ಎಂದು ಕಳಿಸಿದೆ.

ಮದುವೆಯ ದಿನ ಇನ್ನೂ ಗೊತ್ತು ಮಾಡಿಲ್ಲ. ಅವಸರ ಬೇಡವೆಂದು ಎರಡೂ ಮನೆಯವರಿಗೆ ಹೇಳಿದ್ದೇನೆ. ಸುಮಾ ಮತ್ತೆ ತರಗತಿಗೆ ಹೋಗುತ್ತಿದ್ದಾಳೆ. ಹಿಂದಿನ ಬೆಂಚಿಗೂ ಕೇಳಿಸುತ್ತಿದೆಯಂತೆ.