ವೀಲ್ ತಿರುಗಿಸಿ ನೇರ ಮಾಡುವ ಸ್ಟ್ಯಾಂಡ್ ಇಲ್ಲದೆ ಮನೆಯಲ್ಲೇ ಸೈಕಲ್ ವೀಲ್ ಕಟ್ಟೋದು, ಬೆಂಡ್ ತೆಗೆಯೋದು ಕಲಿಯಬಹುದಾ?

ಖಂಡಿತ ಕಲಿಯಬಹುದು, ನಾನು ಕಲಿತದ್ದೂ ಹಾಗೇ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಬ್ರೇಕ್ ರಬ್ಬರನ್ನೇ ಗುರುತಾಗಿ ಇಟ್ಟುಕೊಂಡು ವೀಲ್ ತಿರುಗಿಸಿದರೆ ಎಲ್ಲಿ ಬೆಂಡ್ ಇದೆ ಅಂತ ಕಾಣುತ್ತದೆ. ಡಿಸ್ಕ್ ಬ್ರೇಕ್ ಆದರೆ ಫೋರ್ಕಿಗೆ ಒಂದು ಕೇಬಲ್ ಟೈ ಬಿಗಿದು, ಅದರ ತುದಿ ರಿಮ್‌ಗೆ ತಾಗೀತು ಅನ್ನುವಷ್ಟಕ್ಕೆ ಕತ್ತರಿಸಿ. ದುಡ್ಡು ಹಾಕುವುದಿದ್ದರೆ ಒಳ್ಳೇ ಸ್ಪೋಕ್ ಕೀಗೆ ಹಾಕಿ. ನಿಪ್ಪಲ್‌ಗೆ (ಸ್ಪೋಕನ್ನು ರಿಮ್‌ಗೆ ಹಿಡಿದಿಡುವ ಪುಟ್ಟ ನಟ್ಟು) ಸರಿಯಾಗಿ ಕೂರದ ಕೀ ಅದರ ಮೂಲೆಗಳನ್ನೇ ಸವೆಸಿಬಿಡುತ್ತದೆ.

ಶುರುವಿಗೆ ಹಳೇ ವೀಲ್ ತೆಗೆದುಕೊಳ್ಳಿ. ರಿಮ್ ಬಲಕ್ಕೆ ಸರಿದಿದ್ದರೆ ಆ ಜಾಗದಲ್ಲಿ ಹಬ್ಬಿನ (ವೀಲ್ ನಡುವಿನ ಭಾಗ) ಎಡಗಡೆಯಿಂದ ಬರುವ ಸ್ಪೋಕ್ ಬಿಗಿ ಮಾಡಿ, ಬಲದ್ದನ್ನು ಅಷ್ಟೇ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ.

ಆದರೆ ಹೊಸಬರು ರಿಮ್ ನೇರ ಆಯ್ತಾ ಅಂತ ಮಾತ್ರ ನೋಡುತ್ತಾರೆ, ಅಸಲಿ ವಿಷಯ ಇರುವುದು ಟೆನ್ಷನ್‌ನಲ್ಲಿ. ಒಂದು ಸ್ಪೋಕ್ ಸಡಿಲ, ಪಕ್ಕದ್ದು ವಿಪರೀತ ಬಿಗಿ ಇದ್ದರೂ ರಿಮ್ ನೇರವಾಗಿಯೇ ಓಡಬಹುದು, ಆದರೆ ಬಹಳ ದಿನ ಹಾಗೆ ಉಳಿಯುವುದಿಲ್ಲ. ವೀಲ್ ಉರುಳುವಾಗ ನೆಲದ ಕಡೆಗೆ ಬಂದ ಸ್ಪೋಕ್ ಪ್ರತಿ ಸುತ್ತಿಗೂ ಸ್ವಲ್ಪ ಸಡಿಲಾಗಿ ಮತ್ತೆ ಬಿಗಿಯಾಗುತ್ತದೆ. ಮೊದಲೇ ಸಡಿಲ ಇದ್ದರೆ ಈ ಎಳೆದಾಟದಲ್ಲಿ ದಣಿದು, ಹೆಚ್ಚಾಗಿ ಹಬ್ ಹತ್ತಿರದ ಬಾಗಿನಲ್ಲೇ ತುಂಡಾಗುತ್ತದೆ. ಹಾಗಾಗಿ ಒಂದೊಂದನ್ನೂ ಬೆರಳಿನಿಂದ ಮೀಟಿ ನೋಡಿ. ಒಂದೇ ಬದಿಯ ಸ್ಪೋಕ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿರಬೇಕು. ಹಿಂದಿನ ವೀಲ್‌ನಲ್ಲಿ ಎಡ-ಬಲ ಹೋಲಿಸಬೇಡಿ. ಗೇರ್‌ಗೆ ಜಾಗ ಬಿಡಬೇಕಲ್ವಾ, ಅದಕ್ಕೇ ಬಲಗಡೆ ಯಾವಾಗಲೂ ಜಾಸ್ತಿ ಬಿಗಿ ಇರುತ್ತದೆ.

ನಿಪ್ಪಲ್ ಜೊತೆ ಸ್ಪೋಕೂ ತಿರುಚಿಕೊಳ್ಳುತ್ತದೆ, ಇದು ತುಂಬಾ ಜನಕ್ಕೆ ಗೊತ್ತಾಗುವುದೇ ಇಲ್ಲ. ಸ್ಪೋಕ್‌ಗೆ ಒಂಚೂರು ಟೇಪ್ ಅಂಟಿಸಿ ನೋಡಿ, ಕೀ ಜೊತೆ ಟೇಪೂ ತಿರುಗುತ್ತಿರುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ಮುಂದೆ ಹೋಗಿ, ಟೇಪ್ ತನ್ನ ಜಾಗಕ್ಕೆ ಬರುವಷ್ಟು ಹಿಂದೆ ತಿರುಗಿಸಿ. ಥ್ರೆಡ್‌ಗೆ ಒಂದು ಹನಿ ಎಣ್ಣೆ ಬಿಟ್ಟರೆ ತಿರುಚುವುದೂ ಕಡಿಮೆ. ಕೊನೆಗೆ ಪಕ್ಕಪಕ್ಕದ ಜೋಡಿ ಸ್ಪೋಕ್‌ಗಳನ್ನು ಕೈಯಲ್ಲಿ ಗಟ್ಟಿಯಾಗಿ ಹಿಂಡಿ, ಇನ್ನೊಮ್ಮೆ ಬೆಂಡ್ ನೋಡಿ.

ಹೊಸದಾಗಿ ಕಟ್ಟುವುದಿದ್ದರೆ ರಿಮ್ ಬ್ರೇಕಿನ ಮುಂದಿನ ವೀಲ್ ಆರಿಸಿಕೊಳ್ಳಿ, ಸಾಮಾನ್ಯವಾಗಿ ಎರಡೂ ಬದಿಗೆ ಒಂದೇ ಉದ್ದದ ಸ್ಪೋಕ್ ಸಾಕಾಗುತ್ತದೆ. 32 ಅಥವಾ 36 ತೂತಿನ ರಿಮ್, ಮೂರು ಕ್ರಾಸ್ (ಒಂದೊಂದು ಸ್ಪೋಕೂ ಅದೇ ಬದಿಯ ಬೇರೆ ಮೂರು ಸ್ಪೋಕ್‌ಗಳನ್ನು ದಾಟುವ ಹೆಣಿಗೆ). ವಾಲ್ವ್ ಪಕ್ಕದ ಎರಡು ಸ್ಪೋಕ್ ಸಮಾನಾಂತರ ಬರುವ ಹಾಗೆ ಹೆಣೆಯಿರಿ, ಇಲ್ಲದಿದ್ದರೆ ಪಂಪ್ ತೂರಿಸಲು ಜಾಗ ಸಿಗುವುದಿಲ್ಲ. ಸ್ಪೋಕ್ ಉದ್ದವನ್ನು ಅಂದಾಜಿನ ಮೇಲೆ ತರಬೇಡಿ; ಹಬ್ಬನ್ನೂ ರಿಮ್ಮನ್ನೂ ನೀವೇ ಅಳೆದು ಆನ್‌ಲೈನ್ ಕ್ಯಾಲ್ಕ್ಯುಲೇಟರ್‌ಗೆ ಹಾಕಿ. ಹಳೇ ರಿಮ್ ಬಳಸುವುದಾದರೆ ತೂತಿನ ಸುತ್ತ ಬಿರುಕಿದೆಯಾ ನೋಡಿ, ಇದ್ದರೆ ಆ ರಿಮ್ ಬೇಡವೇ ಬೇಡ.