ಎರಡು ವರ್ಷ ಹಲ್ಲು ಕಚ್ಚಿಕೊಂಡಿರು ಅನ್ನುವವರ ಮಾತು ಕೇಳಬೇಡ ತಂಗಿ

ತಂಗಿ,

ನಿನ್ನ ಮೆಸೇಜು ಬಂದಾಗ ಇಲ್ಲಿ ಶುಕ್ರವಾರ ಸಂಜೆ. ಯೆಹೂದ್ಯರ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ದೀಪ ಹಚ್ಚಿ ಆಗಿತ್ತು. ಆಮೇಲೆ ಶನಿವಾರ ಕತ್ತಲಾಗುವವರೆಗೆ ಈ ಮನೆಯಲ್ಲಿ ಫೋನ್ ಮುಟ್ಟುವುದಿಲ್ಲ. ನಾನು ನೋಡಿಕೊಳ್ಳುವ ಅಜ್ಜಿಯ ಎದುರು ನಾನೂ ಮುಟ್ಟುವುದಿಲ್ಲ. ಉತ್ತರ ತಡವಾಯಿತು, ಬೇಜಾರು ಮಾಡ್ಕೋಬೇಡ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಇಸ್ರೇಲಿಗೆ ಬಂದು ಮೂರು ತಿಂಗಳಾಯಿತು. ರಾತ್ರಿ ಅಳು ತಡೆಯಲಾಗುವುದಿಲ್ಲ. ನೀನು ನೋಡಿಕೊಳ್ಳುವ ಅಜ್ಜನ ಮಗಳು ಬಂದಾಗಲೆಲ್ಲ ಫ್ರಿಜ್ಜಿನ ಮೊಟ್ಟೆ ಎಣಿಸುತ್ತಾಳೆ, ಆಗ ಮೈಯೆಲ್ಲ ಉರಿಯುತ್ತದೆ. ಜೊತೆಗೆ ಬಂದ ಶಿರ್ವದ ಹುಡುಗಿಗೆ ಒಳ್ಳೇ ಮನೆ ಸಿಕ್ಕಿತು, ಅವಳ ಫೋಟೋ ನೋಡಿದರೆ ಹೊಟ್ಟೆಕಿಚ್ಚು. ಕೊನೆಗೆ ಕೇಳಿದ್ದೀಯ: "ಅಕ್ಕಾ, ದಿನಾ ಸತ್ಯವೇದ (ಬೈಬಲ್) ಓದುವವಳು ನಾನು. ನನ್ನೊಳಗೆ ಇಷ್ಟು ವಿಷ ತುಂಬಿರುವುದು ಪಾಪ ಅಲ್ವಾ? ನೀವು 14 ವರ್ಷ ಹೇಗೆ ಇದ್ದಿರಿ?"

ಮೊದಲು ಒಂದು ಮಾತು ಕೇಳುತ್ತೇನೆ. ನಿನ್ನೆ ಮಧ್ಯಾಹ್ನ ಏನು ತಿಂದೆ? ನನ್ನ ಮೊದಲ ವರ್ಷದ ಹಾಗೇ ಆಗಿದ್ದರೆ ಸಿಂಕಿನ ಪಕ್ಕ ನಿಂತುಕೊಂಡು ಎರಡು ತುಂಡು ಬ್ರೆಡ್ಡು, ಮೇಲೆ ಒಂದು ಲೋಟ ಟೀ. ಪ್ರವಾದಿ ಎಲೀಯನ ಕಥೆ ನಿನಗೆ ಗೊತ್ತು, ಸಂಡೇ ಸ್ಕೂಲಿನಲ್ಲಿ ಕೇಳಿದ್ದೀಯ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಗೆಲುವು ಕಂಡವನು, ರಾಣಿಯ ಬೆದರಿಕೆಗೆ ಹೆದರಿ ಬೇರ್ಷೆಬದ ಆಚೆ ಮರುಭೂಮಿಗೆ ಓಡಿದ. ಒಂದು ಕುರುಚಲು ಗಿಡದ ಕೆಳಗೆ ಕೂತು, "ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ" ಅಂದ. ಆಗ ದೇವದೂತ ಬಂದು ಏನು ಮಾಡಿದ ನೋಡು. ಬುದ್ಧಿ ಹೇಳಲಿಲ್ಲ. ನಂಬಿಕೆ ಕಡಿಮೆಯಾಯಿತು ಅಂತ ಗದರಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು "ಎದ್ದು ತಿನ್ನು" ಅಂದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಮತ್ತೆ ತಿನ್ನಿಸಿದ. "ದಾರಿ ದೂರ ಇದೆ, ತಿನ್ನದಿದ್ದರೆ ನಿನ್ನಿಂದ ಆಗುವುದಿಲ್ಲ" ಅಂದ. ದೇವರು ಅವನ ಜೊತೆ ಮಾತಾಡಿದ್ದು ಇದೆಲ್ಲ ಆದ ಮೇಲೆ, 40 ದಿನ ನಡೆದು ಹೋರೇಬ್ ಬೆಟ್ಟಕ್ಕೆ ಹೋದಾಗ.

ಹಾಗಾಗಿ ನಾಳೆ ಗಂಜಿ ಬೇಯಿಸು. ಕುಚ್ಚಲಕ್ಕಿ ಇಲ್ಲದಿದ್ದರೆ ಇಲ್ಲಿನ ಅಕ್ಕಿಯಲ್ಲೇ ಮಾಡು. ಕೂತು ತಿನ್ನು. ಅಜ್ಜ ಮಧ್ಯಾಹ್ನ ಮಲಗಿದಾಗ ನೀನೂ ಅರ್ಧ ಗಂಟೆ ಮಲಗು, ಆ ಹೊತ್ತಿಗೆ ನೆಲ ಒರೆಸಬೇಡ. ಇನ್ನೊಂದು ಮಾತು. ಎಲೀಯನ ಹಾಗೆ "ಸಾಕು, ಸಾಯಬೇಕು" ಅನ್ನುವ ಯೋಚನೆ ನಿನಗೂ ಬಂದು ಕೂತರೆ ನಾಚಿಕೆ ಪಡಬೇಡ. ರಾತ್ರಿ ಎಷ್ಟು ಹೊತ್ತಾದರೂ ಸರಿ, ಸಬ್ಬತ್ ಆದರೂ ಸರಿ, ನನಗೆ ಫೋನ್ ಮಾಡು. ಡಾಕ್ಟರ ಹತ್ತಿರ ಹೋಗೋಣ, ನಾನೇ ಜೊತೆಗೆ ಬರುತ್ತೇನೆ.

ಈಗ ಪಾಪದ ವಿಷಯ. ನಾನು ನೋಡಿಕೊಳ್ಳುವ ಸಫ್ತಾ, ಅಂದರೆ ಅಜ್ಜಿ, ದಿನಾ ಬೆಳಿಗ್ಗೆ ಹೀಬ್ರೂ ಗ್ರಂಥ ಓದುತ್ತಾರೆ. ನಾನು ನನ್ನ ಕನ್ನಡ ಸತ್ಯವೇದ ಹಿಡಿದು ಪಕ್ಕದಲ್ಲಿ ಕೂರುತ್ತೇನೆ. ಅವರು ಒಂದು ಸಾಲು, ನಾನು ಒಂದು ಸಾಲು. 11 ವರ್ಷದಿಂದ ಹೀಗೆ. ನನ್ನ ಹೀಬ್ರೂ ಕಲಿತದ್ದೂ ಅಲ್ಲೇ. ಒಂದು ದಿನ ಅಣ್ಣ ಕಾಯಿನ ತಮ್ಮ ಹೇಬೆಲನನ್ನು ಕೊಂದ ಕಥೆ ಬಂತು. ತಮ್ಮನ ಕಾಣಿಕೆ ದೇವರಿಗೆ ಮೆಚ್ಚಿಗೆಯಾಯಿತು, ಅಣ್ಣನದ್ದು ಆಗಲಿಲ್ಲ. ಕಾಯಿನನಿಗೆ ಹೊಟ್ಟೆಕಿಚ್ಚು. ಹೀಬ್ರೂವಿನಲ್ಲಿ ಅವನ "ಮುಖ ಬಿತ್ತು" ಅಂತ ಇದೆ. ಮುಖ ಇಳಿಬಿಟ್ಟುಕೊಂಡು ಕೂತ ಅಂತ ನಾವು ಹೇಳುವ ಹಾಗೆ. ದೇವರು ಆಗಲೇ ಅವನ ಹತ್ತಿರ ಮಾತಾಡಿದ. "ಯಾಕೆ ಸಿಟ್ಟು? ಪಾಪ ಬಾಗಿಲಲ್ಲಿ ಹೊಂಚು ಹಾಕಿ ಮಲಗಿದೆ. ನೀನು ಅದನ್ನು ಆಳಬೇಕು."

ಸಫ್ತಾ ಅಲ್ಲಿ ಬೆರಳಿಟ್ಟು ನಿಲ್ಲಿಸಿದರು. "ನೋಡು, ಇನ್ನೂ ಕೊಲೆ ಆಗಿಲ್ಲ. ಪಾಪ ಇನ್ನೂ ಬಾಗಿಲ ಹೊರಗೇ ಇದೆ. ಒಳಗೆ ಬರುವಂತೆ ಮಾಡುವವನು ಅವನೇ." ನನಗೆ ಅವತ್ತು ಎದೆಯ ಮೇಲಿಂದ ಒಂದು ಕಲ್ಲು ಇಳಿದ ಹಾಗಾಯಿತು. ಯಾಕೆಂದರೆ ನಾನೂ ನಿನ್ನ ಹಾಗೇ, ಹೊಟ್ಟೆಕಿಚ್ಚು ಬಂದ ಕೂಡಲೇ ನಾನು ಪಾಪಿ ಅಂದುಕೊಂಡು ಮನಸ್ಸು ಮುಚ್ಚಿಕೊಳ್ಳುತ್ತಿದ್ದೆ. ಮುಚ್ಚಿದ್ದು ಒಳಗೇ ಕೊಳೆಯುತ್ತಿತ್ತು. ಹೊಟ್ಟೆಕಿಚ್ಚು ಎಲುಬಿಗೆ ಕೊಳೆ ಅಂತ ಸತ್ಯವೇದದ ಜ್ಞಾನೋಕ್ತಿಯಲ್ಲಿ ಇದೆಯಲ್ಲ, ಹಾಗೇ. ಶಿರ್ವದ ಹುಡುಗಿಯ ಫೋಟೋ ನೋಡಿ ಮುಖ ಇಳಿದರೆ ಅದು ಬಾಗಿಲಿಗೆ ಬಂದದ್ದು ಅಷ್ಟೇ. ಅವಳ ಬಗ್ಗೆ ಇನ್ನೊಬ್ಬಳ ಹತ್ತಿರ ಒಂದು ಚುಚ್ಚುಮಾತು ಆಡಿದೆಯೋ, ಅಲ್ಲಿಗೆ ಅದು ಒಳಗೆ ಬಂದ ಹಾಗೆ. ಕೆಲವು ದಿನ ಅವಳ ಸ್ಟೇಟಸ್ ನೋಡಬೇಡ. ಸುಮ್ನೆ ಫೋನ್ ಮಾಡಿ ಮಾತಾಡು. ಆ ಒಳ್ಳೇ ಮನೆಯಲ್ಲೂ ರಾತ್ರಿ ನಾಲ್ಕು ಸಲ ಎದ್ದು ಡಯಾಪರ್ ಬದಲಿಸುವ ಕೆಲಸ ಇದ್ದೇ ಇರುತ್ತದೆ, ಅದನ್ನು ಯಾರೂ ಫೋಟೋದಲ್ಲಿ ಹಾಕುವುದಿಲ್ಲ.

ಸಿಟ್ಟಿನ ಬಗ್ಗೆ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ನಮ್ಮಲ್ಲಿ "ಮೂಗಿನ ತುದಿಯಲ್ಲೇ ಕೋಪ" ಅಂತಾರಲ್ಲ. ಹೀಬ್ರೂವಿನಲ್ಲಿ ಕೋಪಕ್ಕೂ ಮೂಗಿಗೂ ಇರುವುದು ಒಂದೇ ಪದ, "ಅಫ್". ಸತ್ಯವೇದದ ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ದೇವರು ತನ್ನ ಗುಣ ಹೇಳಿಕೊಳ್ಳುವಾಗ ಬರುವ ಮಾತು "ಎರೆಖ್ ಅಪ್ಪಾಯಿಮ್". ಕನ್ನಡದಲ್ಲಿ ದೀರ್ಘಶಾಂತ ಅಂತ ಓದುತ್ತೇವೆ. ಪದಕ್ಕೆ ಪದ ಹೇಳಿದರೆ ಉದ್ದ ಮೂಗಿನವನು. ಬಿಸಿ ತುದಿಗೆ ಬಂದು ಮುಟ್ಟುವುದಕ್ಕೆ ಹೊತ್ತು ಹಿಡಿಯುತ್ತದೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ದೇವರಿಗೆ ಕೋಪವೇ ಇಲ್ಲ ಅಂತ ಅಲ್ಲಿ ಬರೆದಿಲ್ಲ. ಕೋಪ ಇದೆ, ನಿಧಾನವಾಗಿ ಬರುತ್ತದೆ. ಅವತ್ತಿನಿಂದ ಮೈ ಉರಿದಾಗ ನಾನು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ಕೈ ತೊಳೆಯುತ್ತಾ ಮೂಗಿನಲ್ಲಿ ಉದ್ದಕ್ಕೆ ಉಸಿರು ಎಳೆಯುತ್ತೇನೆ. ಹತ್ತು ಸಲ. ಅಷ್ಟರಲ್ಲಿ ಬಾಯಿಗೆ ಬಂದ ಮಾತು ಗಂಟಲಿಗೆ ಇಳಿದಿರುತ್ತದೆ.

ಆದರೆ ಅಲ್ಲಿಗೇ ಬಿಡಬೇಡ. ಊರಿನಲ್ಲಿ ನಮಗೆ ಹೆಣ್ಣುಮಕ್ಕಳು ಸಹಿಸಿಕೊಳ್ಳಬೇಕು ಅಂತ ಮಾತ್ರ ಕಲಿಸಿದರು. ಗ್ರಂಥ ಹಾಗೆ ಹೇಳುವುದಿಲ್ಲ. ಯಾಜಕಕಾಂಡ 19ರಲ್ಲಿ "ಸಹೋದರನನ್ನು ಮನಸ್ಸಿನೊಳಗೇ ದ್ವೇಷಿಸಬೇಡ" ಅಂದ ಕೂಡಲೇ "ಅವನಿಗೆ ಹೇಳಲೇಬೇಕು" ಅಂತ ಇದೆ. ಮೊಟ್ಟೆ ಎಣಿಸುವ ಮಗಳಿಗೆ, ಕೆಲಸದ ಗಡಿಬಿಡಿ ಇಲ್ಲದ ಹೊತ್ತು ನೋಡಿ, ಮೆತ್ತಗೆ ಹೇಳು: "ನೀವು ಎಣಿಸುವಾಗ ನನಗೆ ನೋವಾಗುತ್ತದೆ. ಏನಾದರೂ ಸಂಶಯ ಇದ್ದರೆ ನನ್ನನ್ನೇ ಕೇಳಿ." ವಾರದ ರಜೆ, ಸಂಬಳದ ತಾರೀಕು, ಇದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಕೂಲಿಯವನು ಬಡವ, ಕೂಲಿಯನ್ನೇ ನೆಚ್ಚಿಕೊಂಡಿದ್ದಾನೆ, ಅವನು ನಿನ್ನವನಾದರೂ ಪರದೇಶದವನಾದರೂ ಸೂರ್ಯ ಮುಳುಗುವ ಮೊದಲು ಕೊಟ್ಟುಬಿಡು ಅಂತ ಧರ್ಮೋಪದೇಶಕಾಂಡದಲ್ಲಿ ಇದೆ. ನ್ಯಾಯ ಕೇಳುವುದು ದುರಾಸೆ ಅಲ್ಲ.

ಇದನ್ನು ನಾನು ಕಲಿತದ್ದು ತಡವಾಗಿ. ಈ ಮನೆಗೆ ಬರುವ ಮೊದಲು ಬೇರೆ ಮನೆಯಲ್ಲಿ ಮೂರು ವರ್ಷ ಇದ್ದೆ. ಅಲ್ಲಿ ಒಂದು ಉಂಗುರ ಕಾಣೆಯಾಯಿತು. ನನ್ನ ಸೂಟ್‌ಕೇಸ್ ಬಿಚ್ಚಿಸಿ, ಒಳಬಟ್ಟೆ ಕೂಡ ಹಾಸಿಗೆಯ ಮೇಲೆ ಸುರಿದು ನೋಡಿದರು. ನಾಲ್ಕು ದಿನದ ಮೇಲೆ ಉಂಗುರ ಅವರದೇ ಚಳಿಕೋಟಿನ ಜೇಬಲ್ಲಿ ಸಿಕ್ಕಿತು. ಯಾರೂ ತಪ್ಪಾಯಿತು ಅನ್ನಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಈ ಮನೆಗೆ ಬಂದ ಮೇಲೂ ಪಾತ್ರೆ ತೊಳೆಯುವಾಗೆಲ್ಲ ಮನಸ್ಸಿನಲ್ಲಿ ಅವರ ಜೊತೆ ಜಗಳ. ಸಫ್ತಾಗೆ ಒಂದು ದಿನ ಹೇಳಿಬಿಟ್ಟೆ. "ನಾನು ಅವರಿಗೆ ಯಾವತ್ತೂ ಕೆಟ್ಟದ್ದು ಮಾಡಲಿಲ್ಲ, ಕೊನೆಯವರೆಗೂ ಚೆನ್ನಾಗಿಯೇ ನೋಡಿಕೊಂಡೆ, ನಾನು ಅವರ ಹಾಗಲ್ಲ" ಅಂದೆ.

ಅದಕ್ಕೆ ಅವರು ತಾಲ್ಮೂದ್ ಅನ್ನುವ ಯೆಹೂದ್ಯರ ಹಳೇ ಧರ್ಮಗ್ರಂಥದ ಮಾತು ಹೇಳಿದರು. ನಾನು ಹುಲ್ಲು ಕೊಯ್ಯುವ ಕತ್ತಿ ಕೇಳಿದೆ, ನೀನು ಕೊಡಲಿಲ್ಲ. ನಾಳೆ ನೀನು ಕೊಡಲಿ ಕೇಳಿದಾಗ "ನೀನು ಕೊಟ್ಟಿರಲಿಲ್ಲ, ನಾನೂ ಕೊಡುವುದಿಲ್ಲ" ಅಂದರೆ ಅದು ಸೇಡು. "ತಗೋ, ನಾನು ನಿನ್ನ ಹಾಗಲ್ಲ" ಅಂತ ಹೇಳಿ ಕೊಟ್ಟರೆ ಅದು ಹಗೆ. ಗ್ರಂಥ ಎರಡನ್ನೂ ಬೇಡ ಅನ್ನುತ್ತದೆ. ನಾನು ಹೇಳಿದ್ದ ಮಾತೇ ಅಲ್ಲಿತ್ತು, ಅಕ್ಷರ ಬಿಡದೆ. ಆ ವರ್ಷ ಯೆಹೂದ್ಯರ ಪ್ರಾಯಶ್ಚಿತ್ತದ ಹಬ್ಬ ಯೋಮ್ ಕಿಪ್ಪೂರಿನ ಮೊದಲು ಹಳೆ ಮನೆಗೆ ಫೋನ್ ಮಾಡಿದೆ. ಆ ಹಬ್ಬದ ಮೊದಲು ಇಲ್ಲಿ ಜನ ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತಾರೆ. ಮನುಷ್ಯರ ನಡುವಿನ ತಪ್ಪನ್ನು ಮನುಷ್ಯರೇ ಸರಿ ಮಾಡಿಕೊಳ್ಳಬೇಕು, ಹಬ್ಬದ ಉಪವಾಸ ಅದನ್ನು ತೊಳೆಯುವುದಿಲ್ಲ ಅನ್ನುವುದು ಅವರ ನಂಬಿಕೆ. ಅವತ್ತು ನನಗೆ ಎಷ್ಟು ಅವಮಾನ ಆಯಿತು ಅಂತ ಹೇಳಿದೆ. ಆ ಹೆಂಗಸು ತುಂಬ ಹೊತ್ತು ಸುಮ್ಮನಿದ್ದು "ನನಗೆ ನೆನಪಿದೆ" ಅಂದರು. ಅಷ್ಟೇ. ಅವರು ಕ್ಷಮೆ ಕೇಳಲಿಲ್ಲ. ಆದರೂ ಪಾತ್ರೆ ತೊಳೆಯುವಾಗಿನ ಜಗಳ ನಿಂತಿತು.

ಅಳು ಬಂದರೆ ಅಳು. ಸತ್ಯವೇದದ ಕೀರ್ತನೆಗಳಲ್ಲಿ ಅಳು ತುಂಬಿದೆ. 13ನೆಯದು "ಎಷ್ಟರವರೆಗೆ" ಅಂತ ನಾಲ್ಕು ಸಲ ದೇವರನ್ನೇ ಕೇಳುತ್ತದೆ. 88ನೆಯದು ಕತ್ತಲೆ ಅನ್ನುವ ಮಾತಿನಲ್ಲೇ ಮುಗಿಯುತ್ತದೆ. ಮೊದಲ ಸಲ ರಾಕೆಟ್ ದಾಳಿಯ ಸೈರನ್ ಕೂಗಿದಾಗ ಸುರಕ್ಷಿತ ಕೋಣೆ ಸೇರಲು ನಮ್ಮ ಕಡೆ ಇದ್ದದ್ದು 90 ಸೆಕೆಂಡ್. ವೀಲ್‌ಚೇರ್ ತಳ್ಳಿಕೊಂಡು ಹೋಗಿ ಬಾಗಿಲು ಹಾಕಿದೆ, ಕೈ ನಡುಗುತ್ತಿತ್ತು. "ಹೆದರಿಕೆಯಾದಾಗ ನಿನ್ನನ್ನು ನಂಬುವೆನು" ಅನ್ನುವ 56ನೇ ಕೀರ್ತನೆಯ ಸಾಲು ಬಾಯಿಗೆ ಬಂತು. ಹೆದರಿಕೆಯಾದಾಗ ಅಂತ ಇದೆ ನೋಡು, ಹೆದರುವುದಿಲ್ಲ ಅಂತ ಇಲ್ಲ.

137ನೇ ಕೀರ್ತನೆ ಬೇರೆಯೇ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಯಾಗಿ ಹೋಗಿ ಅಲ್ಲಿನ ನದಿಗಳ ಬಳಿ ಕೂತು ಅತ್ತ ಯೆಹೂದ್ಯರ ಹಾಡು. ಅದರ ಕೊನೆಯಲ್ಲಿ ಶತ್ರುಗಳ ಕೂಸುಗಳ ಬಗ್ಗೆ ಕೇಳಲಾಗದಂಥ ಮಾತಿದೆ. ನಾನು ವರ್ಷಗಟ್ಟಲೆ ಅದನ್ನು ಬಿಟ್ಟು ಓದುತ್ತಿದ್ದೆ. ಈಗ ಬಿಡುವುದಿಲ್ಲ. ಮನುಷ್ಯನ ದ್ವೇಷ ಎಲ್ಲಿವರೆಗೆ ಹೋಗುತ್ತದೆ ಅಂತ ಅದು ತೋರಿಸುತ್ತದೆ. ಅವರು ಅದನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಿದರು. ನಾವೂ ಅಲ್ಲೇ ಸುರಿಯಬೇಕು, ಇನ್ನೊಬ್ಬರ ಮೇಲೆ ಅಲ್ಲ.

ಸಫ್ತಾ ಹುಟ್ಟಿದ್ದು ಬಾಗ್ದಾದಿನಲ್ಲಿ, ಅದೇ ಬಾಬೆಲಿನ ನಾಡು. 1951ರಲ್ಲಿ 12 ವರ್ಷದ ಹುಡುಗಿಯಾಗಿ ಒಂದು ಸೂಟ್‌ಕೇಸಿನ ಜೊತೆ ವಿಮಾನದಲ್ಲಿ ಬಂದರು. 1950-51ರಲ್ಲಿ ಹಾಗೆ ಇರಾಕಿನಿಂದ 1 ಲಕ್ಷಕ್ಕಿಂತ ಜಾಸ್ತಿ ಯೆಹೂದ್ಯರು ಬಂದರು. ಇಲ್ಲಿ ಸಿಕ್ಕಿದ್ದು ಡೇರೆ, ಕೆಸರು. ಅವರ ಅಮ್ಮ ಟೈಗ್ರಿಸ್ ದಡದಲ್ಲಿ ಮೀನು ಸುಡುವ ವಾಸನೆ ನೆನೆಸಿಕೊಂಡು ಅಳುತ್ತಿದ್ದರಂತೆ. ಅವರ ಹಿರಿಯರು ಜೆರುಸಲೇಮಿಗಾಗಿ ಅತ್ತ ನದಿಗಳ ನಾಡನ್ನೇ ನೆನೆದು ಇವರು ಅತ್ತರು. ನೀನು ಮಲ್ಪೆಯ ಬಂಗುಡೆಗೆ ಅಳುವುದರಲ್ಲಿ ತಪ್ಪೇನು ತಂಗಿ?

ಆದರೆ ಒಂದು ಬೇಡಿಕೆ. "ಎರಡು ವರ್ಷ ಹಲ್ಲು ಕಚ್ಚಿಕೊಂಡಿರುತ್ತೇನೆ, ಸಾಲ ತೀರಿಸಿ ಹೋಗುತ್ತೇನೆ" ಅಂತ ಬರೆದಿದ್ದೀಯ. ಸೆರೆಯಾಗಿ ಬಾಬೆಲಿಗೆ ಹೋದವರ ವಿಷಯದಲ್ಲೂ ಹನನ್ಯ ಅನ್ನುವವನು ಎರಡೇ ವರ್ಷ ಅಂದಿದ್ದ. ಎಲ್ಲರಿಗೂ ಇಷ್ಟವಾಗುವ ಮಾತು. ಪ್ರವಾದಿ ಯೆರೆಮೀಯ 70 ವರ್ಷ ಅಂದ. ಅವರಿಗೆ ಪತ್ರ ಬರೆದ: ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ, ನೀವಿರುವ ಊರಿನ ಒಳಿತಿಗಾಗಿ ಪ್ರಾರ್ಥಿಸಿ. ನೀನು 70 ವರ್ಷ ಇರು ಅಂತ ನಾನು ಹೇಳುತ್ತಿಲ್ಲ. ಸೂಟ್‌ಕೇಸಿನಿಂದ ಬಟ್ಟೆ ತೆಗೆದು ಕಪಾಟಿನಲ್ಲಿ ಇಡು. ದಿನಕ್ಕೆ ಐದು ಹೀಬ್ರೂ ಪದ ಕಲಿ. ತರಕಾರಿ ಅಂಗಡಿಯವನಿಗೆ ನಿನ್ನ ಹೆಸರು ಹೇಳು.

ಮುಂದಿನ ಶನಿವಾರ ನಿನಗೆ ರಜೆ ಅಲ್ವಾ? ಕತ್ತಲಾದ ಮೇಲೆ ಬಸ್ಸು ಶುರುವಾಗುತ್ತದೆ, ರಾಮತ್ ಗಾನಿಗೆ ಬಾ. ನಮ್ಮ ಬಾಲ್ಕನಿಯಲ್ಲಿ ಬಸಳೆ ಕಂಬಿಯ ಮೇಲೆಲ್ಲ ಹಬ್ಬಿದೆ. ಸಿಗಡಿ ಹಾಕಿ ಪದಾರ್ಥ ಮಾಡಬೇಕು ಅನ್ನಿಸುತ್ತದೆ, ಆದರೆ ಯೆಹೂದ್ಯರ ಆಹಾರ ನಿಯಮದಿಂದಾಗಿ ಈ ಮನೆಗೆ ಸಿಗಡಿ ತರುವ ಹಾಗಿಲ್ಲ, ಹೆಸರುಕಾಳು ಹಾಕಿ ಮಾಡುತ್ತೇನೆ. ಹೋಗುವಾಗ ಎರಡು ದಂಟು ಕೊಡುತ್ತೇನೆ. ಗೆಣ್ಣು ಮಣ್ಣಿನೊಳಗೆ ಹೋಗುವ ಹಾಗೆ ನೆಡು. ಒಂದು ಹಳೆ ಬಕೆಟ್ ಸಿಕ್ಕಿದರೂ ಸಾಕು, ತಳಕ್ಕೆ ತೂತು ಮಾಡುವುದನ್ನು ಮರೆಯಬೇಡ.